ಹಿಡಿದಿಟ್ಟ ಲೈನು

“ಕಟ್ ಮಾಡಬೇಡ ಶಾಹುಲ್, ಕಿಸೆಯಲ್ಲಿ ಇಟ್ಟುಕೊಂಡರೂ ಸರಿ, ಹಾಗೇ ಇರಲಿ” ಎಂದು ಸುಲೈಮಾನ್ ಹೇಳುವಾಗ ಬಿಜೈಯ ಆ ಮನೆಯಲ್ಲಿ ಬೆಳಗಿನ ಹತ್ತು ಗಂಟೆ. ಗಲ್ಫಿನ ಜುಬೈಲಿನಲ್ಲಿ ತೀರಿಕೊಂಡ ತಮ್ಮ ಅರಾಫತನ ಮಯ್ಯತ್ತನ್ನು ಅಲ್ಲಿನ ಆಸ್ಪತ್ರೆಯಿಂದ ಹೊರತರಲು ಇನ್ನೂ ನಾಲ್ಕು ಗಂಟೆಯಿತ್ತು. ಕಾಗದಪತ್ರಗಳಿಗಾಗಿ ವಾರಗಟ್ಟಲೆ ಕಾಯಿಸುವುದು ಬೇಡ, ಅಲ್ಲಿಯೇ ದಫನವಾಗಲಿ ಎಂದು ಒಪ್ಪಿದವರು ತಾಯಿ ಖತೀಜಮ್ಮನೇ. ಬಟ್ಟೆ ಮುಚ್ಚುವ ಮೊದಲು ಮಗನ ಮುಖವನ್ನೊಮ್ಮೆ ನೋಡಬೇಕು, ಅವರು ಕೇಳಿದ್ದು ಅಷ್ಟೇ. ಅರಾಫತನ ಜೊತೆ ಒಂದೇ ಕೋಣೆಯಲ್ಲಿದ್ದ ಶಾಹುಲ್ ವಿಡಿಯೊದಲ್ಲಿ ತೋರಿಸುತ್ತೇನೆಂದು ಮಾತು ಕೊಟ್ಟಿದ್ದ.

ಸುಲೈಮಾನ್ ಹದಿನೆಂಟು ವರ್ಷ ಬಸ್ ನಿಲ್ದಾಣದ ಬಳಿ ಎಸ್‌ಟಿಡಿ ಬೂತ್ ನಡೆಸಿದವರು. ಗಲ್ಫಿಗೆ ಲೈನ್ ಸಿಗುವುದೆಂದರೆ ಏನೆಂದು ಬಲ್ಲವರು. ಒತ್ತಿ ಒತ್ತಿ ಬೆರಳು ಸೋತ ಮೇಲೆ ಸಿಕ್ಕಿದ ಲೈನನ್ನು, ಮಾತನಾಡಬೇಕಾದ ಹೆಂಗಸು ಮನೆಯಿಂದ ಓಡಿ ಬರುವ ತನಕ, ರಿಸೀವರನ್ನು ಎದೆಗೊತ್ತಿಕೊಂಡು ಕಾದವರು.

ವಿಡಿಯೊ ಹೀಗೇ ಓಡಿದರೆ ದಿನದ ಪಾಲು ಮುಗಿದು ನೆಟ್ ನಿಧಾನವಾಗುತ್ತದೆಂದು ಮಗಳು ರೈಹಾನಾ ಎರಡು ಸಲ ಎಚ್ಚರಿಸಿದಳು.

“ಅನ್‌ಲಿಮಿಟೆಡ್ ಅಂತ ಅಲ್ವಾ ಹಾಕಿಸಿದ್ದು? ಅದಕ್ಕೆ ಪಾಲು ಎಂತದ್ದು ಮಾರಾಯ್ತಿ?”

“ಅದು ಹೆಸರಿಗೆ ಮಾತ್ರ, ಉಪ್ಪ.”

ಅವರು ಕಿವಿಗೆ ಹಾಕಿಕೊಳ್ಳಲಿಲ್ಲ. ಪರದೆಯಲ್ಲಿ ಶಾಹುಲನ ಕಿಸೆಯ ಕತ್ತಲೆ ಬಂತು, ಆಸ್ಪತ್ರೆಯ ಮಾಡು ಬಂತು, ಬಿಸಿಲಿನಲ್ಲಿ ಬೆಳ್ಳಗಾದ ಒಂದು ರಸ್ತೆ ಬಂತು. ಮಗ ಹತ್ತೊಂಬತ್ತು ವರ್ಷ ನಡೆದ ರಸ್ತೆಯೆಂದು ಖತೀಜಮ್ಮ ಅದನ್ನೂ ಕಣ್ಣು ಮಿಟುಕಿಸದೆ ನೋಡಿದರು.

ಮಧ್ಯಾಹ್ನ ಎರಡು ದಾಟಿದ ಮೇಲೆ ಶಾಹುಲನ ದನಿ ತಗ್ಗಿತು. “ಸುಲೈಮಾನಾಕ, ಉಮ್ಮನನ್ನು ಹತ್ತಿರ ಕೂರಿಸಿ. ಈಗ ತೋರಿಸ್ತೇನೆ.”

ಚಿತ್ರ ಹೊರಳಿತು. ಬಿಳಿ ಟೈಲ್ಸಿನ ಗೋಡೆ, ಯಾರದೋ ತೋಳು; ಅಲ್ಲಿಗೆ ನಿಂತುಬಿಟ್ಟಿತು. ಚೌಕ ಚೌಕವಾಗಿ ಒಡೆದ ಆ ಬಿಳುಪಿನ ಮೇಲೆ ಕಂಪನಿಯ ಸಂದೇಶವೊಂದು ಇಳಿಯಿತು: ಇಂದಿನ ಹೈಸ್ಪೀಡ್ ಡೇಟಾ ಮುಗಿದಿದೆ, ಅನ್‌ಲಿಮಿಟೆಡ್ ಸೇವೆ ಕಡಿಮೆ ವೇಗದಲ್ಲಿ ಮುಂದುವರಿಯುತ್ತದೆ.

ರೈಹಾನಾ ತನ್ನ ಫೋನ್ ತೆಗೆದಳು. “ಅದನ್ನು ಕಟ್ ಮಾಡಿ ಉಪ್ಪ, ಇದರಲ್ಲಿ ನೆಟ್ ಉಂಟು, ಇದರಲ್ಲಿ ಮಾಡ್ತೇನೆ. ಬೇಗ.”

ಸುಲೈಮಾನರ ಬೆರಳು ಕೆಂಪು ಗುರುತಿನ ಮೇಲೆ ನಿಂತಿತು. “ಬಿಟ್ಟರೆ ಮತ್ತೆ ಸಿಗಲಿಕ್ಕಿಲ್ಲ” ಎಂದರು. ಮಗಳು ಬೇಡಿದಳು. ಅವರು ಫೋನನ್ನು ಕಿಟಕಿಗೆ ಒಯ್ದರು, ಅಂಗಳಕ್ಕೆ ಒಯ್ದರು, ತಲೆಯ ಮೇಲೆ ಎತ್ತಿ ಹಿಡಿದರು. ಮೂರು ನಿಮಿಷ ಹೋಯಿತು, ನಾಲ್ಕಾಯಿತು. ಕೊನೆಗೆ ರೈಹಾನಾ ಅದನ್ನು ಕೈಯಿಂದ ಕಿತ್ತು ಕರೆ ತುಂಡರಿಸಿ, ತನ್ನ ಫೋನಿನಿಂದ ಕರೆದಳು. ಮೊದಲ ರಿಂಗಿಗೇ ಶಾಹುಲ್ ಸಿಕ್ಕಿದ. ಅವನ ಬೆವರಿದ ಮುಖ ನಿಚ್ಚಳವಾಗಿ ಕಂಡಿತು.

“ಮುಚ್ಚಿದರು, ಸುಲೈಮಾನಾಕ. ವ್ಯಾನಿಗೆ ಏರಿಸಿಯೂ ಆಯಿತು. ಅಷ್ಟು ಹೊತ್ತು ತೋರಿಸ್ತಾ ಇದ್ದೆನಲ್ಲ, ಕಾಣಲಿಲ್ವಾ?”

ಸುಲೈಮಾನ್ ಒಳಗೆ ಬಂದು ತಾಯಿಯ ಮಂಚದ ಬಳಿ, ನೆಲದ ಮೇಲೆ ಕುಳಿತರು.

“ನನಗೆ ಬರೀ ಬಿಳಿ ಕಂಡಿತು” ಎಂದರು ಖತೀಜಮ್ಮ. “ಈ ಹಾಳು ಕಣ್ಣು. ನಿನಗೆ ಕಂಡಿತಲ್ಲ? ಮುಖ ಹೇಗಿತ್ತು?”

ಬಾಗಿಲಲ್ಲಿದ್ದ ರೈಹಾನಾ ತಲೆ ತಗ್ಗಿಸಿದಳು.

“ನಿದ್ದೆ ಮಾಡಿದ ಹಾಗೆ ಇತ್ತು, ಉಮ್ಮ.”

“ಗಡ್ಡ ಬಿಟ್ಟಿದ್ದನಾ?”

“ಸ್ವಲ್ಪ.”

“ನರೆತಿತ್ತಾ?”

“ಒಂದೆರಡು” ಎಂದರು.

ಖತೀಜಮ್ಮ ಕನ್ನಡಕ ತೆಗೆದು, ತಲೆಗೆ ಹೊದ್ದ ತಟ್ಟದ ಅಂಚಿನಿಂದ ಎರಡೂ ಗಾಜುಗಳನ್ನು ನಿಧಾನವಾಗಿ ಒರೆಸಿದರು. ಮತ್ತೆ ಹಾಕಿಕೊಂಡು, ಹಿರಿಯ ಮಗನ ಮುಖವನ್ನೇ ನೋಡುತ್ತ ಕುಳಿತರು.