ಖೋ ಎನ್ನುವ ಮೊದಲೇ

ಕಲ್ಲುಬಾವಿ ಪಾಳ್ಯದ ಹುಡುಗಿಯರು ಖೋ ಕೇಳಿ ಏಳುತ್ತಿರಲಿಲ್ಲ. ಹೆಜ್ಜೆ ಕೇಳಿ ಏಳುತ್ತಿದ್ದರು.

ಆಟದ ನಿಯಮ ಹಾಗಿಲ್ಲ. ಅಂಕಣದ ನಡುವೆ ಎಂಟು ಜನ ಸಾಲಾಗಿ ಕುಕ್ಕರಗಾಲಲ್ಲಿ ಕೂತಿರುತ್ತಾರೆ, ಒಬ್ಬಳ ಮುಖ ಆ ಕಡೆ, ಪಕ್ಕದವಳದು ಈ ಕಡೆ. ಒಂಬತ್ತನೆಯವಳು ಎದುರು ತಂಡದ ಓಟಗಾತಿಯನ್ನು ಅಟ್ಟಿಕೊಂಡು ಬಂದು, ಕೂತವಳ ಬೆನ್ನು ಮುಟ್ಟಿ ಖೋ ಎಂದ ಮೇಲೆಯೇ ಅವಳು ಎದ್ದು ಓಡಬೇಕು. ಮೊದಲೇ ಎದ್ದರೆ ಫೌಲ್. ಅದನ್ನು ಸರಿಪಡಿಸಿಕೊಳ್ಳುವಷ್ಟರಲ್ಲಿ ಓಟಗಾತಿ ಪಾರಾಗಿರುತ್ತಾಳೆ. ಆದರೆ ಪಾಳ್ಯದ ಹುಡುಗಿಯರು ಒಂದೇ ಬೀದಿಯಲ್ಲಿ ಬೆಳೆದವರು, ಹೆಚ್ಚಿನವರು ದಾಯಾದಿಗಳ ಮಕ್ಕಳು. ಬೆನ್ನ ಹಿಂದೆ ಬರುತ್ತಿರುವವಳು ಯಾರು, ತನ್ನ ಬಳಿ ನಿಲ್ಲುತ್ತಾಳೋ ದಾಟಿ ಹೋಗುತ್ತಾಳೋ ಎಂಬುದು ನೆಲದ ಸದ್ದಿನಲ್ಲೇ ಅವರಿಗೆ ತಿಳಿಯುತ್ತಿತ್ತು. ಕೈ ಬೀಳುವ ಹೊತ್ತಿಗೆ ಹಿಮ್ಮಡಿ ಎದ್ದಿರುತ್ತಿತ್ತು. ಆಗೊಮ್ಮೆ ಈಗೊಮ್ಮೆ ಆ ಆತುರಕ್ಕೆ ಫೌಲ್ ಬೀಳುತ್ತಿತ್ತು. ಉಳಿದಂತೆ ಎದುರಿನವರು ಔಟಾಗುತ್ತಿದ್ದರು.

ಕೀರ್ತನಾ ಹೀಗೆ ಕಲಿತವಳು. ಅವಳ ಅಮ್ಮನೂ ಹೀಗೇ ಕಲಿತಿದ್ದಳು.

ಪಾಳ್ಯ ಈಗ ಹೆಸರಿಗಷ್ಟೇ ಪಾಳ್ಯ. ನಾಗರಬಾವಿಯ ಲೇಔಟುಗಳು ಅದನ್ನು ಸುತ್ತ ಒತ್ತಿಕೊಂಡಿವೆ. ರಾಗಿ ಬೆಳೆದ ಹೊಲಗಳಲ್ಲಿ ಮೂರಂತಸ್ತಿನ ಮನೆಗಳೆದ್ದಿವೆ, ಅವುಗಳಲ್ಲಿ ಕಾನೂನು ಓದುವ ಹುಡುಗರು ಬಾಡಿಗೆಗಿದ್ದಾರೆ. ಹಳೆಯ ಮನೆಗಳವರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದದ್ದು ಸರ್ಕಾರಿ ಹೈಸ್ಕೂಲಿನ ಕಾಂಪೌಂಡಿನ ಹತ್ತಿರ ಮಾತ್ರ. ಸಂಜೆ ಹುಡುಗಿಯರು ಅಭ್ಯಾಸಕ್ಕಿಳಿದರೆ ಗಂಡಸರು ಗೋಡೆಯ ಮೇಲೆ, ಹೆಂಗಸರು ಗೇಟಿನ ಬಳಿ ಸೇರುತ್ತಿದ್ದರು. ಭಾಗದ ವ್ಯಾಜ್ಯಕ್ಕೆ ಕೋರ್ಟು ಹತ್ತಿದ್ದ ಅಣ್ಣತಮ್ಮಂದಿರು ಅಲ್ಲಿ ಅಕ್ಕಪಕ್ಕ ಕೂರುತ್ತಿದ್ದರು.

ಶಾಲೆಯನ್ನು ಖಾಲಿ ಮಾಡಿದವರೂ ಇವರೇ. ಬಾಡಿಗೆ ಬರತೊಡಗಿದ ಮೇಲೆ ಗಂಡುಮಕ್ಕಳನ್ನು ಕಾನ್ವೆಂಟಿಗೆ ಹಾಕಿದರು. ಕೆಲವು ಮನೆಗಳವರು ಹೆಣ್ಣುಮಕ್ಕಳನ್ನಷ್ಟೇ ಇಲ್ಲಿ ಉಳಿಸಿದರು. ಫೀಸೂ ಉಳಿಯುತ್ತಿತ್ತು, ಆಟವೂ ಇತ್ತು. ಕೊನೆಗೆ ಮಕ್ಕಳ ಸಂಖ್ಯೆ ಸಾಲದೆಂದು ಶಾಲೆಯನ್ನು ಮೈಸೂರು ರಸ್ತೆಯಾಚೆ, ದೀಪಾಂಜಲಿ ನಗರದ ದೊಡ್ಡ ಶಾಲೆಯೊಂದಿಗೆ ವಿಲೀನ ಮಾಡಿದಾಗ, ತಾವೇ ಖಾಲಿ ಮಾಡಿದ ಕಟ್ಟಡದ ಮುಂದೆ ನಿಂತು ಪಾಳ್ಯದವರು ಧಿಕ್ಕಾರ ಕೂಗಿದರು. ಕೀರ್ತನಾಳ ತಾತ ದೊಡ್ಡಣ್ಣ ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದ. ಮಾರನೆಯ ವಾರ ಹುಡುಗಿಯರು ಬಸ್ಸು ಹತ್ತಿದರು.

ಹೊಸ ಶಾಲೆಯ ಮೈದಾನಕ್ಕೆ ಕೂರುವಂಥ ಗೋಡೆ ಇರಲಿಲ್ಲ. ಇದ್ದಿದ್ದರೂ ಪಾಳ್ಯದಿಂದ ಅಷ್ಟು ದೂರ ಸಂಜೆ ಯಾರು ಬರುತ್ತಾರೆ? ಅಭ್ಯಾಸ ನೋಡುವವರು ಯಾರೂ ಇಲ್ಲ ಎಂಬುದೇ ಕೀರ್ತನಾಳಿಗೆ ಮೊದಲು ಕಂಡದ್ದು. ಎರಡನೆಯದಾಗಿ ಕಂಡವಳು ಶಿಲ್ಪಾ.

ಶಿಲ್ಪಾ ಗದಗದ ಕಡೆಯವಳು. ತಾಯಿ ಹಾಲವ್ವ ಗಾರ್ಮೆಂಟ್ಸಿನಲ್ಲಿ ಹೊಲಿಗೆ ಕೆಲಸಕ್ಕೆ ಹೋಗುತ್ತಿದ್ದಳು. ಪಿಟಿ ಮೇಷ್ಟ್ರು ಮೋಹನ್ ಕುಮಾರ್ ಎರಡೂ ಶಾಲೆಗಳ ಹುಡುಗಿಯರನ್ನು ಎದುರುಬದುರು ಆಡಿಸಿದರು. ಅಟ್ಟುವವರು ಪಾಳ್ಯದವರು. ಎದುರಿನ ಹುಡುಗಿಯರೆಲ್ಲ ಒಬ್ಬೊಬ್ಬರಾಗಿ ಔಟಾದರು, ಶಿಲ್ಪಾ ಆಗಲಿಲ್ಲ. ಓಡುತ್ತಿದ್ದಾಳೆ ಎಂದು ಹೇಳುವಂತೆಯೂ ಇರಲಿಲ್ಲ. ಕೂತವರ ನಡುವೆ ನೂಲು ಪೋಣಿಸಿದ ಹಾಗೆ ಆ ಕಡೆ ಈ ಕಡೆ ಹಾಯುತ್ತಿದ್ದಳು. ಕೀರ್ತನಾ ಮೈಚಾಚಿ ಹಾರಿದಳು. ಶಿಲ್ಪಾ ಸೊಂಟವನ್ನು ಒಂದು ಗೇಣು ಒಳಗೆ ಎಳೆದುಕೊಂಡಳು, ಅಷ್ಟೇ. ಕೀರ್ತನಾಳ ಬೆರಳುಗಳು ಲಂಗದ ಗಾಳಿಯನ್ನು ಮುಟ್ಟಿ ಬಂದವು. ಮಣ್ಣಿನಲ್ಲಿ ಬೋರಲು ಬಿದ್ದಲ್ಲಿಂದಲೇ ತಲೆಯೆತ್ತಿ ನೋಡಿದಳು. ಏಳಬೇಕೆಂಬುದೇ ಮರೆತುಹೋಗಿತ್ತು. ಮನುಷ್ಯರ ಮೈಗೆ ಹೀಗೆಲ್ಲ ಬರುತ್ತದೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಎಲ್ಲಿ ಕಲಿತೆ ಎಂದು ಕೇಳಿದ್ದಕ್ಕೆ ಶಿಲ್ಪಾ, ತಮ್ಮೂರಿನದು ಎರೆನೆಲ, ಮಳೆಗಾಲದಲ್ಲಿ ಕಾಲು ಹೂಳುತ್ತದೆ, ಬೇಸಿಗೆಯಲ್ಲಿ ಬಿರುಕಿಗೆ ಸಿಕ್ಕಿ ಮುರಿಯುತ್ತದೆ, ಅಲ್ಲಿ ಕಾಲ ಮೇಲೆ ಭಾರ ಹಾಕಿ ಓಡಿದರೆ ಉಳಿಗಾಲವಿಲ್ಲ ಎಂದಳು. ಆಮೇಲೆ ಕೀರ್ತನಾಳಿಗೆ ಹೊಳೆಯಿತು: ಇವಳ ಹೆಜ್ಜೆಗೆ ಸದ್ದೇ ಇಲ್ಲ.

ಒಂದೇ ತಂಡವಾದ ಮೇಲೆ ಅದೇ ತೊಂದರೆಯಾಯಿತು. ಶಿಲ್ಪಾ ಅಟ್ಟಿಕೊಂಡು ಬಂದಾಗ ಪಾಳ್ಯದ ಹುಡುಗಿಯರಿಗೆ ಏನೂ ಕೇಳಿಸುತ್ತಿರಲಿಲ್ಲ. ಬೆನ್ನ ಮೇಲೆ ಕೈ ಬಿದ್ದಾಗ ಬೆಚ್ಚಿ ಏಳುತ್ತಿದ್ದರು. ಪ್ರತಿ ಸಲ ಅರ್ಧ ಉಸಿರು ತಡ. ಕೀರ್ತನಾ ಹೀಗೆ ಕೂತು ಉಳಿದಾಗಲೆಲ್ಲ ಶಿಲ್ಪಾ, "ಹಾಸಿಗಿ ತಂದು ಹಾಸ್ಲೇನು ಕ್ಯಾಪ್ಟನ್?" ಎಂದು ಕೇಳುತ್ತಿದ್ದಳು.

ವಲಯ ಮಟ್ಟದ ಪಂದ್ಯಗಳಲ್ಲಿ ಅವರು ಫೈನಲ್ ತಲುಪಿದರು. ಪಂದ್ಯ ವಿಜಯನಗರದಲ್ಲಿ. ಲೀಗ್ ಪಂದ್ಯಗಳಲ್ಲಿ ಶಿಲ್ಪಾ, ಪಾಳ್ಯದ ಸ್ಪಂದನ ಇಬ್ಬರನ್ನೂ ಒಂದೇ ಜಾಗದಲ್ಲಿ ಸರದಿಯ ಮೇಲೆ ಆಡಿಸಿ ಮೇಷ್ಟ್ರು ಕಾಲ ತಳ್ಳಿದ್ದರು. ಫೈನಲ್‌ಗೆ ತಂಡದ ಒಂಬತ್ತನೇ ಜಾಗಕ್ಕೆ ಇಬ್ಬರಲ್ಲಿ ಯಾರೆಂದು ಕೀರ್ತನಾಳನ್ನೇ ಕೇಳಿದರು. ಕ್ಯಾಪ್ಟನ್ ಅವಳೇ, ಮೇಲಾಗಿ ಸ್ಪಂದನ ಅವಳ ದೊಡ್ಡಪ್ಪನ ಮಗಳು. ಮೇಷ್ಟ್ರಿಗೆ ಪಾಳ್ಯದವರ ಬಾಯಿಗೆ ಬೀಳುವ ಮನಸ್ಸಿರಲಿಲ್ಲ.

ಸುದ್ದಿ ಮನೆಗೂ ಬಂತು. ದೊಡ್ಡಣ್ಣ ಮೊಮ್ಮಗಳನ್ನು ಕರೆದು ಕೂರಿಸಿಕೊಂಡ. ಬೆದರಿಸಲಿಲ್ಲ. ಪಾಳ್ಯದಲ್ಲಿ ಮಾತಾಗಿದೆ ಎಂದ. ಊರ ಹುಡುಗಿಯರು ಒಬ್ಬೊಬ್ಬರಾಗಿ ತಂಡದಿಂದ ಉದುರುತ್ತಿದ್ದಾರೆ, ಈಗ ಸ್ಪಂದನಳೂ ಹೋದರೆ ಅದು ಪಾಳ್ಯದ ಆಟವೇ ಅಲ್ಲ.

"ಅವಳಾಡಿದ್ರೆ ಟೆಂಪೋ ಮಾಡ್ಕೊಂಡು ಎಲ್ಲಾ ಬರ್ತೀವಿ. ಇಲ್ಲಾಂದ್ರೆ ಆ ಶಾಲೆಗೂ ನಮಗೂ ಏನಮ್ಮ ಸಂಬಂಧ?"

ಕೀರ್ತನಾಳಿಗೆ ಬೇಕಾಗಿದ್ದದ್ದೇ ಅದು. ಅವಳದು ಹತ್ತನೇ ಕ್ಲಾಸು, ಇದೇ ಕೊನೆಯ ವರ್ಷ. ಅಂಚಿನಲ್ಲಿ ಪಾಳ್ಯ ನಿಂತಿರದ ಪಂದ್ಯವನ್ನು ಅವಳು ಇಷ್ಟಪಟ್ಟು ಆಡಿದ್ದೇ ಇಲ್ಲ. ಆ ರಾತ್ರಿ ಸ್ಪಂದನಳ ಹೆಸರನ್ನೇ ಹೇಳುವುದೆಂದು ತೀರ್ಮಾನಿಸಿ ಮಲಗಿದಳು. ಬೆಳಿಗ್ಗೆ ಅಭ್ಯಾಸದಲ್ಲಿ ಶಿಲ್ಪಾ ಅಂಕಣದ ತುದಿಯ ಕಂಬದ ಬಳಿ ಒಂದೇ ಕಾಲ ಮೇಲೆ ತಿರುಗಿ ಮೂವರನ್ನು ತಪ್ಪಿಸಿದ್ದನ್ನು ನೋಡಿದಳು. ಇದನ್ನು ಬೆಂಚಿನ ಮೇಲೆ ಕೂರಿಸುವುದು ಅವಳಿಂದ ಆಗಲಿಲ್ಲ. ಶಿಲ್ಪಾ ಎಂದು ಹೇಳಿಬಿಟ್ಟಳು.

ಸ್ಪಂದನ ಅಳಲಿಲ್ಲ. ಬಸ್ಸಿನಲ್ಲಿ ಕಿಟಕಿಯಾಚೆ ನೋಡುತ್ತ ಹೇಳಿದಳು: "ನಾನಾಗಿದ್ರೂ ಅವಳನ್ನೇ ಹಾಕ್ತಿದ್ದೆ ಕಣೇ. ಆದ್ರೆ ನಿನ್ ಮೇಲಿನ ಸಿಟ್ಟು ಹಾಗೇ ಇರುತ್ತೆ." ಸ್ಪಂದನಳ ತಾಯಿ ಪಟಾಲಮ್ಮ ಮಾತ್ರ ಸಂಜೆ ಬೀದಿಯಲ್ಲೇ ನಿಂತು, ಇನ್ನು ನಿಮ್ಮ ಮನೆಯ ನೀರೂ ಬೇಡ ಎಂದು ಕೀರ್ತನಾಳ ಅಮ್ಮನಿಗೆ ಹೇಳಿ ಹೋದಳು.

ಪಂದ್ಯದ ದಿನ ಟೆಂಪೋ ಬರಲಿಲ್ಲ. ಎದುರಾಳಿಗಳು ರಾಜಾಜಿನಗರದ ಖಾಸಗಿ ಶಾಲೆಯವರು. ಎಲ್ಲರ ಕಾಲಲ್ಲೂ ಒಂದೇ ಬಣ್ಣದ ಶೂ, ಅಂಚಿನಲ್ಲಿ ಛತ್ರಿ ಹಿಡಿದ ತಾಯಂದಿರು. ಸಮವಸ್ತ್ರ ಸರಿಮಾಡಿಕೊಳ್ಳುತ್ತಿದ್ದ ಕೀರ್ತನಾ ಆಮೇಲೆ ಕಂಡಳು: ದೂರದ ಬೇವಿನ ಮರದ ಕೆಳಗೆ ದೊಡ್ಡಣ್ಣ ಮತ್ತು ನಾಲ್ಕಾರು ಮುದುಕರು. ಮೆಟ್ರೋದಲ್ಲಿ ಬಂದಿದ್ದರು. ಹತ್ತಿರ ಬರಲಿಲ್ಲ. ಯಾರದೋ ಮದುವೆಗೆ ಬಂದು ಊಟಕ್ಕೆ ಕೂರದವರ ಹಾಗೆ ನಿಂತಿದ್ದರು.

ಮೊದಲು ಓಡುವ ಸರದಿ ಇವರದು. ಮೂವರ ಮೊದಲ ಗುಂಪಿನಲ್ಲಿ ಕೀರ್ತನಾ ಬೇಗ ಔಟಾದಳು, ಇನ್ನೊಬ್ಬಳೂ ಔಟಾದಳು. ಶಿಲ್ಪಾ ಉಳಿದಳು. ಸಮಯ ಮುಗಿದ ಸೀಟಿ ಬೀಳುವವರೆಗೂ ಉಳಿದಳು. ರಾಜಾಜಿನಗರದ ಹುಡುಗಿಯರು ಒಳ್ಳೆಯ ಆಟಗಾತಿಯರೇ, ಸಾಲು ಸಾಲಾಗಿ ಖೋ ಕೊಟ್ಟು ಅಟ್ಟಿದರು, ಹಾರಿ ಮುಗ್ಗರಿಸಿದರು. ಮೊದಮೊದಲು ಛತ್ರಿಯ ತಾಯಂದಿರು ಕೂಗುತ್ತಿದ್ದರು. ಬರಬರುತ್ತ ಮೈದಾನ ಸ್ತಬ್ಧವಾಯಿತು. ಪಕ್ಕದ ವಾಲಿಬಾಲ್ ಅಂಕಣದ ಹುಡುಗರು ಚೆಂಡು ಹಿಡಿದುಕೊಂಡು ನಿಂತರು. ಅಂಪೈರು ಸೀಟಿಯನ್ನು ಬಾಯಲ್ಲೇ ಕಚ್ಚಿಕೊಂಡು ಕತ್ತು ತಿರುಗಿಸುತ್ತಿದ್ದರು. ಕೇಳುತ್ತಿದ್ದದ್ದು ಅಟ್ಟುವವರ ಏದುಸಿರು ಮತ್ತು ಖೋ, ಖೋ. ಅವುಗಳ ನಡುವೆ ಸದ್ದಿಲ್ಲದೆ ಒಬ್ಬ ಹುಡುಗಿ, ಕೆಂಪು ರಿಬ್ಬನ್ನಿನ ಎರಡು ಜಡೆ. ಅಂಚಿನಲ್ಲಿ ಕೂತ ಕೀರ್ತನಾಳಿಗೆ, ಇದನ್ನು ಕಣ್ಣಿಂದ ನೋಡಿದ್ದೇನೆ ಎಂದು ಮುಂದೆ ಯಾರಿಗಾದರೂ ಹೇಳಿದರೆ ನಂಬುವುದಿಲ್ಲ ಎನ್ನಿಸಿತು.

ಸೀಟಿ ಬಿದ್ದಾಗ ಬೇವಿನ ಮರದ ಕೆಳಗಿನವರು ಚಪ್ಪಾಳೆ ತಟ್ಟಿದರು. ದೊಡ್ಡಣ್ಣ ಎಲ್ಲರಿಗಿಂತ ಹೆಚ್ಚು ಹೊತ್ತು ತಟ್ಟಿದ. ಪಾಳ್ಯದವರು ಚಪ್ಪಾಳೆ ತಟ್ಟುವುದು ಬೇರೆ ಊರಿನವರಿಗೆ. ಅದು ಮರ್ಯಾದೆ. ತಮ್ಮ ಹುಡುಗಿಯರಿಗೆ ಅವರು ಬೈಯುತ್ತಾರೆ, ಗೆದ್ದರೂ ಬೈಯುತ್ತಾರೆ, ಮಾಡಿದ ತಪ್ಪುಗಳನ್ನೆಲ್ಲ ಹೆಕ್ಕಿ ಬೀದಿಯುದ್ದಕ್ಕೂ ಉಗಿಯುತ್ತಾರೆ. ಕೀರ್ತನಾಳಿಗೆ ನೆನಪಿರುವಂತೆ ತಾತ ಅವಳಿಗೆ ಒಮ್ಮೆಯೂ ಚಪ್ಪಾಳೆ ತಟ್ಟಿರಲಿಲ್ಲ.

ಆಟ ಹಗ್ಗ ಜಗ್ಗಾಟವಾಯಿತು. ಕೊನೆಯ ಸರದಿಯಲ್ಲಿ ಅಟ್ಟುವವರು ಇವರು, ಒಂದು ಅಂಕ ಹಿಂದೆ. ಎದುರಿನವರಲ್ಲಿ ಒಬ್ಬಳೇ ಉಳಿದಿದ್ದಳು, ದಣಿದಿದ್ದಳು. ಅವಳನ್ನು ಮುಟ್ಟಿದರೆ ಸರಿಸಮ. ಸಮಯ ಮುಗಿಯುತ್ತ ಬಂದಿತ್ತು. ಅಟ್ಟುತ್ತಿದ್ದವಳು ಶಿಲ್ಪಾ.

ಕೀರ್ತನಾ ಸಾಲಿನ ಕೊನೆಯ ಕಡೆ ಕೂತಿದ್ದಳು, ಮುಖ ಆಚೆಗೆ. ಶಿಲ್ಪಾ ಅವಳ ಬೆನ್ನ ಹಿಂದೆ ಎಲ್ಲೋ. ಓಟಗಾತಿ ಸಾಲಿನ ಸಂದಿಯಿಂದ ನುಸುಳಿ ಕೀರ್ತನಾಳ ಎದುರಿಗೇ ಬಂದಳು, ಕೈಗೆಟುಕುವಷ್ಟು ಹತ್ತಿರ. ಆಗ ಅವಳಿಗೆ ತಿಳಿಯಿತು, ಶಿಲ್ಪಾ ಈಗ ತಿರುಗಿದಳು, ಇತ್ತ ಬಂದಳು, ಬಲಗಾಲು ಊರಿದಳು, ನಿಂತಳು. ಕೇಳಿಸಿತು ಎನ್ನುವಂಥದ್ದು ಏನೂ ಇರಲಿಲ್ಲ. ಆದರೂ ಅವಳು ಎದ್ದಿದ್ದಳು. ಎದ್ದು, ಹಾರಿ, ಓಟಗಾತಿಯ ಭುಜ ಮುಟ್ಟಿದ್ದಳು.

ಶಿಲ್ಪಾಳ ಕೈ ಗಾಳಿಯಲ್ಲಿ ಬಿತ್ತು. ಬಾಯಿಂದ ಖೋ ಆಮೇಲೆ ಬಂತು.

ಅಂಪೈರ್ ಫೌಲ್ ಕೊಟ್ಟರು. ಶಿಲ್ಪಾ ತಿರುಗಿ ಸರಿಪಡಿಸಿಕೊಳ್ಳುವಷ್ಟರಲ್ಲಿ ಓಟಗಾತಿ ಆ ತುದಿಯ ಕಂಬ ಸೇರಿದ್ದಳು. ಕೊನೆಯ ಸೀಟಿ ಬಿತ್ತು. ಸೋತರು.

ಕೀರ್ತನಾ ಓಟಗಾತಿಯನ್ನು ಮುಟ್ಟಿದ ಜಾಗದಲ್ಲೇ ನಿಂತಿದ್ದಳು. ಸೋಲು ಇನ್ನೂ ಅವಳವರೆಗೆ ಬಂದಿರಲಿಲ್ಲ. ತನ್ನ ಕಾಲುಗಳನ್ನೇ ನೋಡಿಕೊಂಡಳು, ಅವು ತನ್ನನ್ನು ಕೇಳದೆ ಎದ್ದಿದ್ದವು. ಬೆಂಚಿನಿಂದ ಸ್ಪಂದನ ಓಡಿಬಂದು ಅವಳ ತೋಳು ಹಿಡಿದಳು. ಕಣ್ಣುಗಳು ಅಗಲವಾಗಿದ್ದವು.

"ಅವಳ ಹೆಜ್ಜೆಗೆ ಎದ್ಯಲ್ಲೇ. ನಂಗೆ ಇವತ್ತಿನವರೆಗೂ ಕೇಳಿಸಿಲ್ಲ. ನಿಂಗೆ ಹೆಂಗೆ ಕೇಳಿಸ್ತು?"

ಗೊತ್ತಿಲ್ಲ ಎಂದಳು ಕೀರ್ತನಾ. ಗೊತ್ತಿರಲಿಲ್ಲ ಕೂಡ. ಶಿಲ್ಪಾ ಬಂದು ಎದುರಿಗೆ ನಿಂತಳು.

ಅಷ್ಟರಲ್ಲಿ ಮುದುಕರು ಬೇವಿನ ಮರ ಬಿಟ್ಟು ಅಂಕಣದೊಳಕ್ಕೇ ನಡೆದುಬಂದರು. ಬರುತ್ತಲೇ ಜಗಳ ಶುರುವಾಗಿತ್ತು. ಒಬ್ಬ ಅದು ಫೌಲೇ ಅಲ್ಲ ಎನ್ನುತ್ತಿದ್ದ, ಇನ್ನೊಬ್ಬ ಹಳೆಯ ಪಂದ್ಯವೊಂದರ ಇಂಥದೇ ಫೌಲನ್ನು ಎಳೆದು ತಂದಿದ್ದ. ದೊಡ್ಡಣ್ಣ ಮೊಮ್ಮಗಳನ್ನು ದಾಟಿಕೊಂಡು ನೇರ ಶಿಲ್ಪಾಳ ಮುಂದೆ ಹೋಗಿ ನಿಂತ.

"ಬಾಯಲ್ಲಿ ಏನ್ ಇಟ್ಕೊಂಡಿದ್ದೆ? ಹತ್ರ ಬಂದ್ಮೇಲೆ ಖೋ ಅನ್ನಕ್ಕೆ ಅಷ್ಟೊತ್ತಾ? ನಮ್ಮ ಹುಡುಗೀರು ಕಾಯಲ್ಲ, ಗೊತ್ತಾಗಲ್ವಾ ನಿಂಗೆ? ಕೈಗೆ ಬಂದಿದ್ದ ಆಟ ಕಳೆದ್ಯಲ್ಲೇ."

ಶಿಲ್ಪಾ ಸುತ್ತ ನೋಡಿದಳು, ಬೇರೆ ಯಾರಿಗೋ ಹೇಳುತ್ತಿರಬೇಕು ಎಂಬಂತೆ. ಮೋಹನ್ ಕುಮಾರ್ ಮಧ್ಯೆ ಬರಲು ನೋಡಿದರು. ಕೀರ್ತನಾ ಅವರ ಕೈ ಹಿಡಿದು ನಿಲ್ಲಿಸಿದಳು. ತಾತ ಇಷ್ಟು ಚೆನ್ನಾಗಿ ಬೈದು ವರ್ಷವೇ ಆಗಿತ್ತು.

ಶಿಲ್ಪಾ ಸೊಂಟದ ಮೇಲೆ ಕೈಯಿಟ್ಟಳು.

"ಎದ್ದಾಕಿ ನಿಮ್ಮ ಮೊಮ್ಮಗಳು, ಬೈಸ್ಕೊಳ್ಳಾಕಿ ನಾನೇನ್ರಿ ಅಜ್ಜಾರ? ಕಣ್ಣು ಕಾಣ್ತಾವಿಲ್ಲೋ?"

ದೊಡ್ಡಣ್ಣ ಹೆಗಲ ಟವೆಲ್ ತೆಗೆದು ಕೊಡವಿ, ಅಂಕಣದ ಗೆರೆಯ ಪಕ್ಕ ಮಣ್ಣಿನಲ್ಲೇ ಹಾಸಿ ಕೂತ. ಎಲ್ಲಿ ನಿಂತಿದ್ದೆ, ಯಾವ ಕಾಲು ಮುಂದಿತ್ತು, ತೋರಿಸು ಅಂದ. ಶಿಲ್ಪಾ ತೋರಿಸಲು ಹೋದಳು. ಸುಳ್ಳು, ಅಲ್ಲಲ್ಲ, ಇನ್ನೂ ಈಚೆ ಎಂದು ಮುದುಕರು ಎಲ್ಲ ಕಡೆಯಿಂದ ಅವಳ ಮೇಲೆ ಬಿದ್ದರು.