ನೀರಿನ ಗೆರೆ ಹೊತ್ತ ಗೇಟು

ನಾನು ಒಂದು ಗೇಟು. ಕಬ್ಬಿಣದ್ದು. ಐದಡಿ ಎತ್ತರ, ಎದೆಮಟ್ಟದವರೆಗೆ ದಪ್ಪ ತಗಡು, ಅದರ ಮೇಲೆ ಹನ್ನೊಂದು ಭರ್ಜಿಮೊನೆಗಳು. ನನ್ನನ್ನು ಕಂಡು ಯಾರಿಗೂ ಪ್ರೀತಿ ಬಂದದ್ದಿಲ್ಲ. ಬರಲಿ ಎಂದು ನನ್ನನ್ನು ಮಾಡಿದ್ದೂ ಅಲ್ಲ.

ನಾನು ಹುಟ್ಟಿದ್ದು ಶಿವಣ್ಣಾಚಾರಿಯ ವೆಲ್ಡಿಂಗ್ ಶೆಡ್ಡಿನಲ್ಲಿ. ಅಳತೆ ಕೊಟ್ಟವನು ದಾಸೇಗೌಡ, ನಾಲೆಗೆ ನೀರು ಬಿಡುವ ನೀರುಗಂಟಿಯಾಗಿ ಕೆಲಸ ಮಾಡಿ ಆಗಷ್ಟೇ ನಿವೃತ್ತನಾದವನು. ಆಚಾರಿ ತಗಡನ್ನು ಕಣ್ಣಲ್ಲೇ ಅಳೆದು, "ಗೌಡ್ರೇ, ಇಷ್ಟೆತ್ತರ ತಗಡು ಯಾಕೆ? ಗಾಳಿ ಆಡಾಕಿಲ್ಲ" ಎಂದ.

"ಬಾಡಿಗೆಯೋರು ಇರೋ ಮನೆ ಕಣಯ್ಯ. ಒಳಗಿರೋರು ಹೊರಗಿನೋರಿಗೆ ಕಾಣಬಾರದು, ಹೊರಗಿನೋರು ಒಳಗಿರೋರಿಗೆ ಕಾಣಬಾರದು" ಎಂದ ದಾಸೇಗೌಡ. ಇನ್ನೂ ಬೆಂಕಿಯ ಕಾವು ಆರದ ನನಗೆ ಆ ಮಾತು ಬಹಳ ಹಿಡಿಸಿತು. ನನಗೊಂದು ಕೆಲಸವಿದೆ, ಆ ಕೆಲಸಕ್ಕೆ ಗತ್ತಿದೆ ಎಂದುಕೊಂಡೆ. ಎಳೆಯ ಕಬ್ಬಿಣಕ್ಕೆ ಬುದ್ಧಿ ಕಡಿಮೆ.

ನನ್ನನ್ನು ನಿಲ್ಲಿಸಿದ ಜಾಗದ ಹೆಸರು ರಿವರ್ ವ್ಯೂ ಲೇಔಟ್. ಕಾವೇರಿಯ ದಂಡೆಯಲ್ಲಿ ಕಬ್ಬಿನ ಗದ್ದೆಗಳನ್ನು ಮುಚ್ಚಿ ಮಾಡಿದ ಬಡಾವಣೆ. ಮೈಸೂರಿಗೆ ಬೆಳಗ್ಗೆ ಪ್ಯಾಸೆಂಜರ್ ರೈಲು ಹತ್ತಿದರೆ ಅರ್ಧ ಗಂಟೆ. ಮೈಸೂರಿನಲ್ಲಿ ಕೆಲಸ ಮಾಡಿ ಮೈಸೂರಿನ ಬಾಡಿಗೆ ಕಟ್ಟಲಾಗದವರೆಲ್ಲ ಇಲ್ಲಿಗೆ ಬರುತ್ತಿದ್ದರು. ಮಾಲೀಕರು ಮೇಲಿನ ಅಂತಸ್ತಿನಲ್ಲಿ, ಬಾಡಿಗೆದಾರರು ಕೆಳಗೆ. ಇಡೀ ಬೀದಿಯಲ್ಲಿ ಇದೇ ಕ್ರಮ. ಮೇಲೆ ಗಾಳಿ ಚೆನ್ನಾಗಿದೆ ಎಂದು ಮಾಲೀಕರು ಹೇಳುತ್ತಿದ್ದರು. ನಿಜವಾದ ಕಾರಣ ಅವರೆಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಡುತ್ತಿರಲಿಲ್ಲ.

ನನಗೆ ಅದು ಗೊತ್ತಾದದ್ದು ಎರಡನೇ ವರ್ಷ. ಅಣೆಕಟ್ಟೆಯಿಂದ ನೀರು ಬಿಟ್ಟರು, ಹೊಳೆ ಬೀದಿಗೆ ಬಂತು. ನನ್ನ ತಗಡಿನ ಮೇಲಂಚಿಗೆ ಮೂರು ಬೆರಳಷ್ಟು ಕೆಳಗಿನವರೆಗೆ ಏರಿ, ಎರಡು ದಿನ ನಿಂತು, ಇಳಿಯಿತು. ಕೆಳಗಿನ ಮನೆಯಲ್ಲಿದ್ದ ಮೇಷ್ಟರು ನೆನೆದ ಹಾಸಿಗೆ, ಒಡೆದ ಬೀರು ಎಲ್ಲವನ್ನೂ ಬಿಟ್ಟು, ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋದರು. ನನ್ನ ಮೈಮೇಲೆ ಉದ್ದಕ್ಕೂ ಒಂದು ಕೆಸರಿನ ಗೆರೆ, ಅದರ ಕೆಳಗೆ ತುಕ್ಕು.

ದಾಸೇಗೌಡ ಉಪ್ಪುಕಾಗದ ಹಿಡಿದು ನನ್ನನ್ನು ತಿಕ್ಕಿದ. ಎರಡು ಕೋಟ್ ಕಪ್ಪು ಬಣ್ಣ ಹೊಡೆದ. ಅವನ ಹೆಂಡತಿ ಪುಟ್ಟತಾಯಮ್ಮ ಮೆಟ್ಟಿಲ ಮೇಲೆ ಕೂತು, "ಯಾರಾನಾ ನೀರು ಬತ್ತದಾ ಅಂತ ಕೇಳುದ್ರೆ?" ಎಂದಳು.

"ಹೊಳೆ ಸತ್ತು ಮರಳಾಗಿ ಬಿದ್ದದೆ ಅನ್ನು" ಎಂದ ಅವನು, ಬ್ರಷ್ಷು ನಿಲ್ಲಿಸದೆ.

ಅಂದಿನಿಂದ ಅದೊಂದು ಪದ್ಧತಿಯೇ ಆಯಿತು. ಶಾಲೆ ಶುರುವಾಗುವ ಮುಂಚೆ ಮನೆ ಹುಡುಕುವವರು ಬರುತ್ತಾರಲ್ಲ, ಆ ಮೇ ತಿಂಗಳಲ್ಲಿ ಬೀದಿಯ ಎಲ್ಲ ಗೇಟುಗಳಿಗೂ ಬಣ್ಣ, ಎಲ್ಲ ಗೋಡೆಗಳಿಗೂ ಸುಣ್ಣ. ನೋಡಿದವರು ಎಷ್ಟು ನೀಟಾದ ಜನ ಎನ್ನಬೇಕು. ನಾನೂ ಹಿಗ್ಗುತ್ತಿದ್ದೆ, ಸುಳ್ಳೇಕೆ ಹೇಳಲಿ. ಹೊಸ ಬಣ್ಣ ಯಾರಿಗೆ ಬೇಡ? ಬಾಯಿಬಿಟ್ಟರೆ ಬಣ್ಣಗೇಡು ಅನ್ನುತ್ತಾರೆ. ನನಗೆ ಬಾಯಿಯೇ ಇರಲಿಲ್ಲ, ಬಣ್ಣ ಮಾತ್ರ ಇತ್ತು.

ಬಾಡಿಗೆದಾರರು ಬಂದರು, ಹೋದರು. ಮೇಲಿನಿಂದ ದಿನಕ್ಕೊಂದು ಕಾನೂನು ಇಳಿಯುತ್ತಿತ್ತು. ನೆಂಟರು ಎರಡು ದಿನಕ್ಕಿಂತ ಹೆಚ್ಚು ಉಳಿಯಬಾರದು, ಮೀನು ಹುರಿಯಬಾರದು, ಗೋಡೆಗೆ ಮೊಳೆ ಹೊಡೆಯಬಾರದು. ಪುಟ್ಟತಾಯಮ್ಮ ನನ್ನ ಕೀಲುಗಳಿಗೆ ಒಂದು ಹನಿ ಎಣ್ಣೆ ಬಿಡಲು ಯಾರಿಗೂ ಅವಕಾಶ ಕೊಡಲಿಲ್ಲ. ನಾನು ಕಿರ್‍ರೆಂದರೆ ಯಾರು ಬಂದರು, ಯಾರು ಹೋದರು ಎಂದು ಅವಳಿಗೆ ಮೇಲೆ ಕೂತಲ್ಲೇ ತಿಳಿಯಬೇಕಿತ್ತು. ಹೀಗೆ ನಾನು ಗೇಟೂ ಆದೆ, ಚಾಡಿಕೋರನೂ ಆದೆ.

ಹನ್ನೆರಡನೇ ವರ್ಷ ಬಂದವಳು ಸುಗುಣ. ಮೈಸೂರಿನ ಒಂದು ನರ್ಸಿಂಗ್ ಹೋಮಿನಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ. ಗಂಡ ಲಾರಿ ಡ್ರೈವರ್, ತಿಂಗಳಿಗೊಮ್ಮೆ ಮುಖ ತೋರಿಸುವವನು. ಜೊತೆಗೆ ಅತ್ತೆ ಚೆನ್ನಾಜಮ್ಮ. ಲಕ್ವ ಹೊಡೆದು ಮುದುಕಿಯ ಎಡಗಡೆಯೆಲ್ಲ ಸೋತುಹೋಗಿತ್ತು, ಮಾತು ಮಾತ್ರ ಗಟ್ಟಿಯಿತ್ತು. ಸುಗುಣ ಎಲ್ಲರ ಹಾಗೆ ನಲ್ಲಿ ತಿರುಗಿಸಿ, ಸ್ವಿಚ್ಚು ಹಾಕಿ ನೋಡಲಿಲ್ಲ. ನನ್ನ ಪಕ್ಕದಲ್ಲೇ ನಿಂತು ನೇರವಾಗಿ ಕೇಳಿದಳು.

"ಗೌಡ್ರೇ, ಇಲ್ಲಿಗೆ ಹೊಳೆ ನೀರು ಬರಲ್ಲ ತಾನೆ? ನಾನು ಹಗಲೆಲ್ಲ ಮೈಸೂರಲ್ಲಿರ್ತೀನಿ. ನಮ್ಮತ್ತೆ ಎದ್ದು ಓಡೋ ಹಾಗಿಲ್ಲ. ನಿಜ ಹೇಳ್ಬುಡಿ."

ದಾಸೇಗೌಡ ನನ್ನ ನೆತ್ತಿಯ ಮೇಲೆ ಕೈ ಇಟ್ಟ. "ಮೂವತ್ತು ವರ್ಷ ನೀರು ಬಿಟ್ಟೋನು ಕಣವ್ವ ನಾನು. ಹೊಳೆ ನಂಗೆ ಗೊತ್ತಿಲ್ವಾ? ಈ ಗೇಟ್ ಮುಟ್ಟಿ ಹೇಳ್ತೀನಿ, ಇಲ್ಲಿಗೆ ಒಂದು ಚೊಂಬು ನೀರು ಬರಾಕಿಲ್ಲ."

ಹನ್ನೊಂದು ಮೊನೆಗಳಿದ್ದರೂ ಒಂದೂ ಅವನ ಅಂಗೈಗೆ ಚುಚ್ಚಲಿಲ್ಲ. ಆ ಹೊತ್ತಿಗೆ ಅವನು ಆ ಮಾತನ್ನು ಎಷ್ಟು ಜನಕ್ಕೆ ಹೇಳಿದ್ದನೆಂದರೆ, ಹೇಳಿ ಹೇಳಿ ತಾನೇ ನಂಬಿಬಿಟ್ಟಿದ್ದ. ಸುಳ್ಳುಗಾರನನ್ನಾದರೂ ಹಿಡಿಯಬಹುದು, ತನ್ನ ಸುಳ್ಳನ್ನು ತಾನೇ ನಂಬಿದವನನ್ನು ಹಿಡಿಯುವುದು ಕಷ್ಟ.

ಸುಗುಣ ಹಾಲುಕ್ಕಿಸಿ ಒಳಗೆ ಬಂದಳು. ಎಂಟು ದಿನದಲ್ಲಿ ಜಗಳ ಶುರುವಾಯಿತು. ಅವಳ ರೈಲು ಆರು ನಲವತ್ತಕ್ಕೆ. ಪುಟ್ಟತಾಯಮ್ಮ ಇಳಿದು ಬಂದು, ಸಗಣಿ ನೀರು ಚಿಮುಕಿಸಿ, ನನ್ನ ಮುಂದೆ ರಂಗೋಲಿ ಇಟ್ಟು ಮುಗಿಸುವವರೆಗೆ ಯಾರೂ ಹೊಸ್ತಿಲು ದಾಟುವ ಹಾಗಿರಲಿಲ್ಲ. ಸುಗುಣಳ ರೈಲಿನ ಹೊತ್ತು ತಿಳಿದ ಮೇಲಂತೂ ಪುಟ್ಟತಾಯಮ್ಮನ ಚುಕ್ಕಿಗಳ ಸಂಖ್ಯೆ ದಿನದಿನಕ್ಕೆ ಹೆಚ್ಚಿತು. ಎರಡು ಸಲ ರೈಲು ತಪ್ಪಿತು. ಮೂರನೇ ಸಲ ಸುಗುಣ ಚಪ್ಪಲಿ ಕೈಯಲ್ಲಿ ಹಿಡಿದು ರಂಗೋಲಿಯನ್ನು ನೆಗೆದು ಓಡಿದಳು. ಸೀರೆಯ ನೆರಿಗೆ ತಾಗಿ ಒಂದು ಮೂಲೆ ಅಳಿಸಿಹೋಯಿತು.

"ಮನೆಹಾಳಿ! ನನ್ನ ಬಾಗಿಲ ಲಕ್ಷ್ಮಿನಾ ತುಳ್ಕೊಂಡು ಹೋಗ್ತಳಲ್ಲಪ್ಪಾ!" ಎಂದು ಪುಟ್ಟತಾಯಮ್ಮ ಬೀದಿಗೆಲ್ಲ ಕೇಳುವಂತೆ ಕೂಗಿದಳು.

ಒಳಗಿಂದ ಚೆನ್ನಾಜಮ್ಮ ಮಂಚದ ಮೇಲಿಂದಲೇ ಉತ್ತರ ಕೊಟ್ಟಳು: "ನಿನ್ ಲಕ್ಷ್ಮಿ ನೆಲದ ಮ್ಯಾಲೆ ಅವ್ಳೆ, ನನ್ ಸೊಸೆ ಹೊಟ್ಟೆ ರೈಲ್ ಮ್ಯಾಲೆ ಅದೆ. ಬುಡೇ ದಾರಿಯ!"

ಆ ಮುದುಕಿಯ ಬಾಯಿ ನನಗೆ ಇಷ್ಟವಾಯಿತು. ಮುದುಕಿ ಸೊಸೆಯನ್ನೂ ಬಿಡುತ್ತಿರಲಿಲ್ಲ. ಸಾರಿಗೆ ಉಪ್ಪಿಲ್ಲ, ಮಗ್ಗುಲು ಬದಲಿಸಲು ತಡಮಾಡಿದೆ ಎಂದು ದಿನವೂ ಬೈಗುಳ. ಸುಗುಣ ಬೈಸಿಕೊಂಡೇ ತಲೆ ಬಾಚಿ, ಗಂಜಿ ಕುಡಿಸಿ, ಹೊರಡುವಾಗ ಕಾಲು ಮುಟ್ಟಿ ಹೋಗುತ್ತಿದ್ದಳು.

ಒಂದು ಭಾನುವಾರ ಸುಗುಣ ಬಟ್ಟಲಲ್ಲಿ ಹರಳೆಣ್ಣೆ ತಂದು ನನ್ನ ಕೀಲುಗಳಿಗೆ ಹಚ್ಚಿದಳು. ಹನ್ನೆರಡು ವರ್ಷದಲ್ಲಿ ಮೊದಲ ಸಲ ನಾನು ಸದ್ದಿಲ್ಲದೆ ತೆರೆದುಕೊಂಡೆ. ಎಷ್ಟು ಹಿತವಾಗಿತ್ತು! ಮೇಲೆ ಮಾತ್ರ ಬೆಂಕಿ ಹತ್ತಿತು. ಸದ್ದಿಲ್ಲದ ಗೇಟಿನಿಂದ ಯಾರು ಯಾವಾಗ ಬಂದು ಹೋದರೆಂದು ತಿಳಿಯುವುದು ಹೇಗೆ? ಮರುದಿನವೇ ದಾಸೇಗೌಡ ನನಗೆ ಹೊಸ ಬೀಗ ಜಡಿದ. ಸುಗುಣ ತನಗೊಂದು ಕೀಲಿಕೈ ಕೇಳಿದಳು. "ಮಾಡಿಸ್ಕೊಡ್ತೀನಿ, ನಾಳೆ ನಾಡಿದ್ದು" ಎಂದ. ಬೆಳಗ್ಗೆ ಪುಟ್ಟತಾಯಮ್ಮ ತೆಗೆಯಬೇಕು, ಸಂಜೆ ಪುಟ್ಟತಾಯಮ್ಮ ತೆಗೆಯಬೇಕು. ಎದುರು ಮನೆಯಲ್ಲಿ ಬಾಡಿಗೆಗಿದ್ದ ರೈಲ್ವೆ ಗ್ಯಾಂಗ್‌ಮನ್ ಪಳನಿಯ ಹೆಂಡತಿ ಮಧ್ಯಾಹ್ನ ಬಂದು ಮುದುಕಿಗೆ ನೀರು ಕೊಟ್ಟು ಹೋಗುತ್ತಿದ್ದಳು. ಅದೂ ನಿಂತುಹೋಯಿತು. ನಾಳೆ ನಾಡಿದ್ದು ಎನ್ನುತ್ತಲೇ ಎರಡು ತಿಂಗಳಾಯಿತು.

ಆಗಸ್ಟ್ ಬಂತು. ಒಂದು ಬೆಳಗ್ಗೆ ಮೈಕ್ ಕಟ್ಟಿದ ಆಟೋ ಬೀದಿಯಲ್ಲಿ ಸುತ್ತಿತು: ಅಣೆಕಟ್ಟೆಯಿಂದ ಭಾರಿ ನೀರು ಬಿಡಲಾಗುತ್ತಿದೆ, ತಗ್ಗು ಪ್ರದೇಶದವರು ಎಚ್ಚರವಾಗಿರಬೇಕು. ಸುಗುಣ ಆಗಲೇ ರೈಲು ಹತ್ತಿದ್ದಳು. ಆಟೋದ ಹಿಂದೆ ತಾಲ್ಲೂಕು ಕಚೇರಿಯವನೊಬ್ಬ ಪುಸ್ತಕ ಹಿಡಿದು ಮನೆಮನೆಗೂ ಬಂದ. ದೋಣಿ ಇದ್ದದ್ದು ಒಂದೇ, ಲಾರಿ ಒಂದೇ. ಎಲ್ಲಿಗೆ ಮೊದಲು ಕಳಿಸಬೇಕೆಂದು ತಿಳಿಯಲು ಒಂದೇ ಪ್ರಶ್ನೆ ಕೇಳುತ್ತಿದ್ದ: "ಹೋದ ಸಲ ಇಲ್ಲಿ ಎಲ್ಲಿ ತನಕ ನೀರು ಬಂದಿತ್ತು?"

ಬೀದಿಯಲ್ಲಿ ಆ ಹೊತ್ತು ಮೂರು ಮನೆಗಳಿಗೆ ಬಾಡಿಗೆಗಿದೆ ಎಂಬ ಬೋರ್ಡು ತೂಗುತ್ತಿತ್ತು. ಸರ್ಕಾರಿ ಪುಸ್ತಕದಲ್ಲಿ ಮುಳುಗುವ ಬೀದಿ ಎಂದು ಬರೆಸಿಕೊಂಡರೆ ಯಾರು ಬರುತ್ತಾರೆ? ಮೊದಲ ಮನೆಯವನು, ಇಲ್ಲಿಗೆ ಬಂದೇ ಇಲ್ಲ ಸ್ವಾಮಿ ಎಂದ. ಎರಡನೆಯವನೂ ಅದನ್ನೇ ಅಂದ. ದಾಸೇಗೌಡ ಬೀಗರ ಮನೆಯ ಗೃಹಪ್ರವೇಶಕ್ಕೆಂದು ರೇಷ್ಮೆ ಪಂಚೆ ಉಟ್ಟು ಹೆಂಡತಿಯೊಂದಿಗೆ ಇಳಿಯುತ್ತಿದ್ದ. "ಮೂವತ್ತು ವರ್ಷ ನೀರು ಬಿಟ್ಟೋನು ನಾನು. ಇಲ್ಲಿಗೆ ಒಂದು ಚೊಂಬೂ ಬರಾಕಿಲ್ಲ, ಬರ್‍ಕೊಳಿ" ಎಂದ. ಕಚೇರಿಯವನು ನನ್ನ ತಗಡನ್ನೂ ಒಮ್ಮೆ ನೋಡಿದ. ಬಣ್ಣ ಫಳಫಳ ಹೊಳೆಯುತ್ತಿತ್ತು. ಬರೆದುಕೊಂಡು ಹೋದ. ದೋಣಿಯನ್ನೂ ಲಾರಿಯನ್ನೂ ಬೇರೆ ಬೀದಿಗೆ ಕಳಿಸಿದರು.

ದಾಸೇಗೌಡ ನನಗೆ ಬೀಗ ಹಾಕಿ, ಎರಡು ಸಲ ಎಳೆದು ನೋಡಿ, ಕೀಲಿಕೈ ಜೇಬಿಗಿಳಿಸಿ ಬಸ್ಸಿಗೆ ಹೋದ.

ಹನ್ನೊಂದರ ಹೊತ್ತಿಗೆ ಚರಂಡಿಗಳು ಹಿಂದಕ್ಕೆ ಉಕ್ಕಿದವು. ಹನ್ನೆರಡಕ್ಕೆ ಹೊಳೆ ಬೀದಿಯಲ್ಲಿತ್ತು. ನೀರು ನನ್ನ ಕೆಳಗಿನ ಸಂದಿಯಿಂದ ನುಗ್ಗಿ ಅಂಗಳ ತುಂಬಿ ಮೆಟ್ಟಿಲೇರಿತು. ಒಳಗಿಂದ ಚೆನ್ನಾಜಮ್ಮ ಮೊದಲು ಬೈದಳು, ಆಮೇಲೆ ಸೊಸೆಯ ಹೆಸರು ಹಿಡಿದು ಕೂಗಿದಳು. ಪಳನಿಯ ಹೆಂಡತಿ ಎದುರು ಮನೆಯ ಮಾಳಿಗೆ ಹತ್ತಿ ಸುಗುಣಳಿಗೆ ಫೋನ್ ಮಾಡಿದಳು. ಸುಗುಣ ಸಿಕ್ಕಿದ ಬಸ್ಸು ಹತ್ತಿ, ಸೇತುವೆಯ ಹತ್ತಿರ ಇಳಿದು, ರೈಲು ಹಳಿಯ ಮೇಲೆ ಓಡಿ ಬಂದಳಂತೆ. ಹಳಿಯ ಮೇಲೆ ಕೆಲಸದಲ್ಲಿದ್ದ ಪಳನಿ ಹಾರೆಯ ಸಮೇತ ಅವಳ ಹಿಂದೆಯೇ ಬಂದಿದ್ದ.

ಸೊಂಟದವರೆಗಿನ ನೀರಿನಲ್ಲಿ ನಿಂತು ಅವಳು ದಾಸೇಗೌಡನಿಗೆ ಫೋನ್ ಹಚ್ಚಿದಳು. ಅತ್ತ ಕಡೆ ವಾಲಗದ ಸದ್ದು. "ಗೌಡ್ರೇ, ಇನ್ನೊಂದು ಕೀ ಎಲ್ಲಿಟ್ಟಿದ್ದೀರಿ? ನೀರು ಬಂದದೆ!"

"ಹೆದರ್‍ಕೋಬೇಡ ಕಣವ್ವ. ಅಲ್ಲಿಗೆ ನೀರು ಬರಾಕಿಲ್ಲ" ಎಂದ ಅವನು.

ಅವಳು ಫೋನನ್ನು ನೀರಿಗೆಸೆದು ನನ್ನನ್ನು ಹತ್ತಿದಳು. ಕಾಂಪೌಂಡಿನ ಮೇಲೆ ಗಾಜಿನ ಚೂರುಗಳಿದ್ದವು, ಬೇರೆ ದಾರಿಯಿರಲಿಲ್ಲ. ನನ್ನ ಮೊನೆ ಅವಳ ತೊಡೆಗೆ ಇಳಿಯಿತು. ಗೌಡನ ಅಂಗೈಗೆ ಇಳಿಯದ ಮೊನೆ ಅವಳಿಗೆ ಇಳಿಯಿತು! ಅವಳು ಕಿತ್ತುಕೊಂಡು ಆಚೆ ಬಿದ್ದು ಒಳಗೆ ಓಡಿದಳು. ಮುದುಕಿ ಮಂಚದಿಂದ ಉರುಳಿ ನೀರಿನಲ್ಲಿದ್ದಳು. "ಅತ್ತೆಮ್ಮಾ, ತಲೆ ಎತ್ತಿ, ತಲೆ ಎತ್ತಿ" ಎಂಬ ಕೂಗು ನನಗೆ ಕೇಳುತ್ತಿತ್ತು. ಹೊರಗೆ ಪಳನಿ ಬೀಗಕ್ಕೆ ಹಾರೆ ಹಾಕಿ ಮೀಟುತ್ತಲೇ ಇದ್ದ. ಒಳ್ಳೆಯ ಬೀಗ, ಒಳ್ಳೆಯ ಕಬ್ಬಿಣ. ಸುಲಭಕ್ಕೆ ಬಿಡುವ ಜಾತಿಯಲ್ಲ ನಾವು. ಮುರಿದುಹೋಗಲಿ, ನಾನು ಸೀಳಿಹೋಗಲಿ ಎಂದು ಬೇಡಿಕೊಂಡೆ. ಕಬ್ಬಿಣದ ಬೇಡಿಕೆ ಯಾರು ಕೇಳುತ್ತಾರೆ? ಬೀಗ ಕಿತ್ತುಬರಲು ಬಹಳ ಹೊತ್ತಾಯಿತು. ಪಳನಿ ಮುದುಕಿಯನ್ನು ಬೆನ್ನ ಮೇಲೆ ಹೊತ್ತು ದಾಟಿದಾಗ ಅವಳ ಬಾಯಲ್ಲಿ ಬೈಗುಳ ಇರಲಿಲ್ಲ.

ಚೆನ್ನಾಜಮ್ಮ ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದಳು. ಎದೆಗೆ ಹೊಳೆ ನೀರು ಹೋಗಿತ್ತು. ಹತ್ತನೇ ದಿನ ತೀರಿಕೊಂಡಳು.

ತಿಥಿಯ ಮಾರನೆ ದಿನ ಸುಗುಣ ಬಂದಳು, ಕುಂಟುತ್ತ. ಪಾತ್ರೆಗಳನ್ನು ಪಳನಿಯ ಮನೆಗೆ ಸಾಗಿಸಿ ಬಂದು, ಅವನ ಉಳಿ ಸುತ್ತಿಗೆ ಹಿಡಿದು ನನ್ನ ಮುಂದೆ ಕೂತಳು. ಕೆಸರಿನ ಗೆರೆ ಇನ್ನೂ ಇತ್ತು. ಅದರ ಉದ್ದಕ್ಕೂ ಉಳಿಯಿಂದ ಕೊರೆದಳು. ಮೇಲಿಂದ ದಾಸೇಗೌಡ, "ಏಯ್, ಏನಮ್ಮಾ ಅದು? ಗೇಟ್ ಯಾಕೆ ಹಾಳು ಮಾಡ್ತಿದ್ದೀಯ?" ಎಂದು ಕೂಗಿದ.

"ನೀವು ಗೇಟ್ ಮುಟ್ಟಿ ಹೇಳಿದ್ರಿ. ನಾನು ಗೇಟ್ ಮೇಲೆ ಬರೀತಿದ್ದೀನಿ. ಇಳಿದು ಬನ್ನಿ, ತಡೀರಿ, ನೋಡೋಣ."

ಅವನು ಇಳಿಯಲಿಲ್ಲ. ಮಧ್ಯಾಹ್ನದವರೆಗೆ ಏಟು ಬಿದ್ದವು. ಒಂದೊಂದು ಏಟಿಗೂ ನಾನು ಇನ್ನೊಂದು ಕೊಡು ಎನ್ನುತ್ತಿದ್ದೆ. ಗೆರೆಯ ಕೆಳಗೆ ಅವಳು ಬರೆದದ್ದು ಎರಡೇ ಸಾಲು: ಇಲ್ಲಿ ತನಕ ನೀರು. ಚೆನ್ನಾಜಮ್ಮ ಒಳಗಿದ್ದರು.

ದಾಸೇಗೌಡ ಬಣ್ಣ ಹೊಡೆದ, ಎರಡು ಕೋಟ್, ಮೂರು ಕೋಟ್. ಬಿಸಿಲು ಓರೆಯಾದರೆ ಅಕ್ಷರ ಎದ್ದು ಕಾಣುತ್ತಿತ್ತು. ಗೀರು ಮುಚ್ಚುವ ಪುಟ್ಟಿ ಮೆತ್ತಿದ, ನಾನು ಒಂದು ಸಲ ಬಡಿದುಕೊಂಡದ್ದಕ್ಕೇ ಉದುರಿತು. ಮನೆ ನೋಡಲು ಬಂದವರು ಬೆರಳಾಡಿಸಿ ಓದಿ, ಬಂದ ದಾರಿ ಹಿಡಿದರು. ಆ ಎಂಟು ತಿಂಗಳು ನಾನು ನಿಜವಾಗಿ ಗೇಟಾಗಿದ್ದೆ. ಬೀದಿಯ ಮಾಲೀಕರೆಲ್ಲ ಸೇರಿ, "ನಿನ್ನ ಗೇಟಿಂದ ನಮ್ಮ ಮನೆಗಳೂ ಖಾಲಿ ಬಿದ್ದವೆ, ತೆಗೆದು ಬಿಸಾಕು" ಎಂದು ದಾಸೇಗೌಡನ ಮೇಲೆ ಏರಿಬಂದರು. ಯಾರೂ ಚೆನ್ನಾಜಮ್ಮನ ಹೆಸರೆತ್ತಲಿಲ್ಲ. ಮೇ ತಿಂಗಳಲ್ಲಿ ನನ್ನನ್ನು ಕಿತ್ತು ಗುಜರಿಯ ಗಾಡಿಗೆ ಹಾಕಿದರು.

ಈಗ ನಾನು ಊರಾಚೆಯ ಗುಜರಿ ಅಂಗಳದಲ್ಲಿ ಗೋಡೆಗೆ ಒರಗಿದ್ದೇನೆ. ನಾಳೆಯೋ ನಾಡಿದ್ದೋ ಗ್ಯಾಸ್ ಕಟ್ಟರ್ ಬರುತ್ತದೆ. ಅದಕ್ಕೆ ನನಗೆ ಬೇಸರವಿಲ್ಲ. ನಿನ್ನೆ ಹಳೆಯ ಕಿಟಕಿ ಕೊಳ್ಳಲು ಬಂದವನೊಬ್ಬ ನನ್ನ ಮುಂದೆ ಬಗ್ಗಿ ಓದಿ, ಗುಜರಿಯ ಯಜಮಾನನನ್ನು ಕೇಳಿದ.

"ಇಲ್ಲಿ ತನಕ ನೀರು ಅಂತೆ. ಎಲ್ಲೀದು ಸಾಬ್ರೇ?"

"ಯಾವ್ದೋ ಹೊಳೆ ಪಕ್ಕದ್ದು. ಗಾಡೀಲಿ ಬಂತು."

"ಚೆನ್ನಾಜಮ್ಮ ಯಾರು?"

"ಗೊತ್ತಿಲ್ಲ."

ಅವನು ಕಿಟಕಿ ಹೊತ್ತುಕೊಂಡು ಹೋದ. ಎಲ್ಲಿ ಎಂದು ಹೇಳಲು ನನ್ನಿಂದಾಗಲಿಲ್ಲ. ರಿವರ್ ವ್ಯೂ ಲೇಔಟಿನಲ್ಲಿ ಈಗ ಹೊಸ ಗೇಟು ನಿಂತಿರಬೇಕು. ಶಾಲೆ ಶುರುವಾಗುವ ಹೊತ್ತು, ಮನೆ ಹುಡುಕುವವರು ಬರುತ್ತಿರುತ್ತಾರೆ. ಯಾವಳೋ ಒಬ್ಬಳು ಅದರ ಪಕ್ಕದಲ್ಲಿ ನಿಂತು ಕೇಳುತ್ತಿರುತ್ತಾಳೆ. ಆ ಗೇಟಿಗೆ ಏನೂ ಗೊತ್ತಿಲ್ಲ. ಗೊತ್ತಿರುವ ನಾನು ಇಲ್ಲಿದ್ದೇನೆ.