ಯಾರೂ ಕಾಲಿಡದ ನೆಲ

“ಯಾವಳೇ ಅವಳು, ನನ್ನ ಗ್ರಹದ ಮೇಲೆ ಕಾಲಿಟ್ಟೋಳು?”

ಡೈರೆಕ್ಟರನ ಕೈಮೈಕು ಕಿರುಚಿತು. ಕಲ್ಲುಕ್ವಾರಿಯ ಗೋಡೆಗಳು ಒಂದಾದ ಮೇಲೊಂದು ಅದನ್ನೇ ವಿಚಾರಿಸಿದವು: ಕಾಲಿಟ್ಟೋಳು... ಟ್ಟೋಳು... ಟ್ಟೋಳು.

ಬಿಳಿ ಕಲ್ಲುಪುಡಿಯ ಮೇಲೆ, ತಗಡಿನ ಆಕಾಶನೌಕೆಯ ಮಗ್ಗುಲಿನಿಂದ ನೀರಿನ ಹೊಂಡದವರೆಗೆ ಬರಿಗಾಲಿನ ಗುರುತುಗಳಿದ್ದವು. ಹೋಗುವಾಗ ಹಗುರ, ಬರುವಾಗ ಆಳ.

“ಕೋಟಿ ವರ್ಷದಿಂದ ಇಲ್ಲಿ ಒಂದು ಹುಳಾನೂ ಓಡಾಡಿಲ್ಲ! ಕಥೆ ಇರೋದೇ ಹಾಗೆ! ನನ್ನ ಹೀರೋ ಬಾಗಿಲು ತೆಗೆದು ಕೆಳಗೆ ನೋಡಿದ್ರೆ ಏನು ಕಾಣುತ್ತೆ? ಯಾವಳೋ ಮುಂಡೆ ನೀರಿಗೆ ಹೋಗಿಬಂದ ದಾರಿ!”

ಬಂಡೆಯ ಹಿಂದೆ ಹೆಂಗಸರ ನಡುವೆ ಕುಕ್ಕರಗಾಲಲ್ಲಿ ಕೂತಿದ್ದ ಆ ಹೆಜ್ಜೆಯ ಒಡತಿ, ಬಾಯಿಗೆ ಕೈ ಅಡ್ಡ ಹಿಡಿದು, ಅದೇ ಗಂಟಲಲ್ಲಿ, ಅದೇ ಮೂಗಿನಲ್ಲಿ, “ನನ್ನ ಗ್ರಹದ ಮೇಲೆ!” ಎಂದಳು. ಹೆಂಗಸರು ನಗು ತಡೆಯಲಾರದೆ ಪೊರಕೆಗಳಲ್ಲಿ ಮುಖ ಹುದುಗಿಸಿದರು.

“ರೇಡಿಯೋ ಆಫ್ ಮಾಡೇ,” ಅವಳ ಅತ್ತೆ ಕೆಮ್ಮಿನ ನಡುವೆ ಸಂದು ಹುಡುಕಿ ಗದರಿದಳು. “ನಿನ್ನ ಬಾಯಿಂದ ಒಂದಿನ ಎಲ್ಲರ ಹೊಟ್ಟೆ ಮೇಲೂ ಕಲ್ಲು ಬೀಳುತ್ತೆ.”

“ಕಲ್ಲು ಒಡೆಯೋರ ಹೊಟ್ಟೆ ಮೇಲೆ ಹೂವು ಬೀಳುತ್ತಾ ಅತ್ತೆ?”

ಯಾರ ಧ್ವನಿಯನ್ನಾದರೂ ಒಮ್ಮೆ ಕೇಳಿದರೆ ಸಾಕು, ಹಾಗೇ ಬಿತ್ತರಿಸುತ್ತಿದ್ದುದರಿಂದ ಅವಳಿಗೆ ರೇಡಿಯೋ ಎಂಬ ಹೆಸರು ಅಂಟಿತ್ತು. ಕ್ರಷರಿನ ಗರಗರ, ಧಣಿಯ ಜೀಪಿನ ಕೆಮ್ಮು, ಮೇಸ್ತ್ರಿ ಧಣಿಯ ಮುಂದೆ ನಗುವ ನಗು, ಹಿಂದೆ ಬಿಡುವ ಬೈಗುಳ, ಎಲ್ಲ ಸ್ಟೇಷನ್ನೂ ಸಿಗುತ್ತಿತ್ತು. ಬಂಡೆಯ ಸಿಡಿತಕ್ಕೆ ಸಿಕ್ಕು ಸತ್ತ ಗಂಡನ ಧ್ವನಿಯೊಂದನ್ನು ಮಾತ್ರ ಅವಳು ತೆಗೆಯುತ್ತಿರಲಿಲ್ಲ, ಅತ್ತೆ ಒಮ್ಮೊಮ್ಮೆ ಬಾಯಿಬಿಟ್ಟು ಕೇಳಿದರೂ.

ಮೇಸ್ತ್ರಿ ಓಡಿಬಂದ. “ಏಳ್ರೇ, ಗುಡಿಸ್ರೇ! ಇದು ಇವಳದೇ ಕಾಲು ಅಂತ ನಂಗೊತ್ತು. ಹೆಬ್ಬೆರಳು ನೋಡು, ಊರಿಗಿಂತ ಮುಂದೆ ಹೋಗಿದೆ.”

“ನನ್ನ ಕಾಲು ಅಷ್ಟು ನೋಡಿದ್ದೀಯಲ್ಲ ಮೇಸ್ತ್ರಿ, ನಿನ್ನ ಹೆಂಡ್ತಿಗೆ ಹೇಳ್ಲಾ?”

ಸಿನಿಮಾದವರು ಬಂದಂದಿನಿಂದ ಕ್ವಾರಿಯಲ್ಲಿ ಕಲ್ಲು ಒಡೆಯುವುದು ನಿಂತು ಹೆಜ್ಜೆ ಅಳಿಸುವುದು ಶುರುವಾಗಿತ್ತು. ಮಾರಿಯಂಥ ಬಿಸಿಲಿಗೆ ಬೆಳ್ಳಗೆ ಉರಿಯುವ ಈ ತಗ್ಗು ಡೈರೆಕ್ಟರನ ಕಣ್ಣಿಗೆ ಬೇರೊಂದು ಲೋಕವಾಗಿ ಕಂಡಿತ್ತು. “ಜಾಗದ ಜೊತೆಗೆ ಜನಾನೂ ಬರ್ತಾರೆ ಸಾರ್,” ಎಂದು ಧಣಿ, ಮನೆಯ ಜೊತೆ ಇಲಿಗಳನ್ನೂ ಬಾಡಿಗೆಗೆ ಕೊಡುವವನಂತೆ ಕೊಟ್ಟುಬಿಟ್ಟಿದ್ದ. ಹೆಂಗಸರು ಸಾಲಾಗಿ ಬಗ್ಗಿ, ಹಿಮ್ಮುಖವಾಗಿ ನಡೆಯುತ್ತ, ಪುಡಿಯನ್ನು ನುಣ್ಣಗೆ ಗುಡಿಸುತ್ತ, ತಮ್ಮ ಹೆಜ್ಜೆಯನ್ನು ತಾವೇ ಒರೆಸಿಕೊಳ್ಳುತ್ತ ಬಂಡೆಯ ಹಿಂದೆ ಮಾಯವಾಗಬೇಕು. ಮುಂದೆ ದೇಶದೇಶದ ಜನ ಬಾಯಿ ತೆರೆದು ನೋಡಿ, ಅಬ್ಬಾ, ಯಾರೂ ಮುಟ್ಟದ ಎಂಥ ನೆಲ ಎಂದು ಹೊಗಳಬೇಕಾಗಿದ್ದುದು ಈ ಪೊರಕೆಯ ಕೆಲಸವನ್ನೇ.

ಆದರೆ ಸಿನಿಮಾ ಮಾತ್ರ ಮುಂದಕ್ಕೆ ಹೋಗುತ್ತಿರಲಿಲ್ಲ. ಯಂತ್ರಮಾನವನ ಕಾಲು ಪುಡಿಯಲ್ಲಿ ಹೂತು, ಒಳಗಿದ್ದವನನ್ನು ಹಲ್ಲು ಕಿತ್ತ ಹಾಗೆ ಕಿತ್ತು ತೆಗೆಯಬೇಕಾಯಿತು. ಹೀರೋವಿನ ಗಾಜಿನ ಟೋಪಿ ಅವನ ಉಸಿರಿಗೇ ಮಂಜಾಗಿ, ನಾಯಕಿಯೆಂದು ಅವನು ತಬ್ಬಿಕೊಂಡದ್ದು ಪೆಟ್ರೋಲ್ ಡ್ರಮ್ಮನ್ನು. ಗಾಳಿಗೆ ಆಕಾಶನೌಕೆಯ ಬಾಗಿಲು ಹಾರಿತು. ಇಡೀ ಸಿನಿಮಾದಲ್ಲಿ ನಿಜವಾಗಿ ಹಾರಿದ್ದು ಅದೊಂದೇ. ದುಡ್ಡು ಹಾಕಿದವನು ಒಮ್ಮೆ ಬಂದು ನೋಡಿ, ತಲೆನೋವೆಂದು ಹೋದವನು ತಿರುಗಿ ಬರಲಿಲ್ಲ.

ಅವತ್ತು ಸಂಜೆ ಧಣಿ ಎಲ್ಲರನ್ನೂ ಸೇರಿಸಿದ. ಪಕ್ಕದಲ್ಲಿ ಡೈರೆಕ್ಟರ್, ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡು ಬಿಸಿನೀರು ಗುಟುಕರಿಸುತ್ತಿದ್ದ. ಅವನ ಗಂಟಲು ಕಟ್ಟಿತ್ತು. ಧೂಳು ಹೊಕ್ಕು ಮೈಕು ಆಗಲೇ ಸತ್ತಿತ್ತು.

“ನಾಳೆ ಕೊನೇ ಶಾಟು,” ಎಂದ ಧಣಿ. “ಹೊಂಡಕ್ಕೆ ಬಣ್ಣ ಸುರೀತಾರೆ. ನೇರಳೆ. ಇವತ್ತಿಂದ ಆ ಕಡೆ ಯಾರೂ ತಲೆ ಹಾಕ್ಬಾರ್ದು.”

ಸುತ್ತ ಎಲ್ಲಿ ಹುಡುಕಿದರೂ ಕುಡಿಯಲು ಬರುವ ನೀರು ಅದೊಂದೇ. ಹೊಂಡದಿಂದ ಆಗಷ್ಟೇ ತುಂಬಿ ತಂದ ಕ್ಯಾನನ್ನು ಕಾಲ ಬಳಿ ಇಟ್ಟು ರೇಡಿಯೋ ಕೇಳಿದಳು: “ಬಣ್ಣ ಹಾಕಿದ್ಮೇಲೆ ಕುಡಿಯೋದೇನು ಧಣಿ?”

“ಟ್ಯಾಂಕರ್ ಬರುತ್ತೆ.”

“ಮೊನ್ನೆ ಬಂದ ಟ್ಯಾಂಕರಲ್ಲಿ ಆ ತಗಡಿನ ಹಕ್ಕಿಗೆ ಸ್ನಾನ ಮಾಡಿಸಿದ್ರಿ. ನಮ್ಮ ಬಾಯಿಗೆ ಹನಿ ಬರ್ಲಿಲ್ಲ.”

ಡೈರೆಕ್ಟರ್ ಕರಕರ ಧ್ವನಿಯಲ್ಲಿ ನಡುವೆ ಬಾಯಿ ಹಾಕಿದ. “ನೋಡಮ್ಮಾ, ಈ ಗ್ರಹದಲ್ಲಿ ಯಾರೂ ನೀರು ಕುಡಿಯಲ್ಲ. ಸ್ಕ್ರಿಪ್ಟಲ್ಲೇ ಹಾಗಿದೆ.”

“ಅದನ್ನ ನಮ್ಮ ಗಂಟಲಿಗೆ ಓದಿ ಹೇಳಿ ಸಾರ್. ಅದಕ್ಕೆ ಅಕ್ಷರ ಬರಲ್ಲ.”

ಯಾರೋ ಕಿಸಕ್ಕೆಂದರು. ಧಣಿಯ ಮುಖ ಬಿಗಿಯಿತು. ಅವನು ಬಂದು ಬೂಟುಗಾಲಿಂದ ಕ್ಯಾನನ್ನು ಒದ್ದ. ನೀರು ಗಳಗಳನೆ ಹರಿದು, ಗುಡಿಸಿಟ್ಟ ಪುಡಿಯನ್ನು ಹೊಕ್ಕಿತು.

“ಈಗ ಇದನ್ನ ಸರಿ ಮಾಡು. ಗುರುತು ಕಾಣ್ಬಾರ್ದು. ಕೈಯಲ್ಲೇ ಮಾಡು, ಮುಂಡೇದೆ. ಎಲ್ಲರೂ ನೋಡ್ಲಿ.”

ನೆನೆದ ಕಲ್ಲುಪುಡಿ ಕಾದ ನೆಲದ ಝಳಕ್ಕೆ ಸಿಮೆಂಟಿನಂತೆ ಗಟ್ಟಿಯಾಗುತ್ತದೆ. ರೇಡಿಯೋ ಮಂಡಿಯೂರಿ ಉಗುರಿನಲ್ಲಿ ಕೆರೆದಳು. ಕೆರೆದ ಕಡೆಯೆಲ್ಲ ಬಿಳಿಯ ಮೇಲೆ ಕೆಂಪು ಹತ್ತಿತು. ಅದನ್ನು ಮುಚ್ಚಲು ಇನ್ನಷ್ಟು ಪುಡಿ ಹಾಕಿದಳು. ಡೈರೆಕ್ಟರ್ ತಲೆ ಓರೆ ಮಾಡಿ ನೋಡಿ, “ಎಡಕ್ಕೆ ಇನ್ನೂ ಸ್ವಲ್ಪ,” ಎಂದ. ಎಂದವನಿಗೆ ಕೆಮ್ಮು ಬಂತು. ಬಿಡದೆ ಬಂತು.

ಶೆಡ್ಡಿಗೆ ಬಂದ ಮೇಲೆ ಅತ್ತೆ ಸೊಸೆಯ ಬೆರಳುಗಳನ್ನು ಮಡಿಲಲ್ಲಿಟ್ಟುಕೊಂಡು ಚಿಂದಿ ಸುತ್ತಿದಳು. ತೊಳೆಯೋಣವೆಂದರೆ ನೀರಿರಲಿಲ್ಲ.

“ಆ ಮನುಷ್ಯನ ಕೆಮ್ಮು ಕೇಳಿದ್ಯಾ?” ಎಂದಳು ಅತ್ತೆ. “ನಮ್ಮನೇದೇ ಕೆಮ್ಮು ಅದು. ನಂಗೂ ಹಿಂಗೇ ಶುರುವಾಗಿದ್ದು. ಮೊದ್ಲು ಧ್ವನಿ ಹೋಗುತ್ತೆ. ಇನ್ನೊಂದು ಸಲ ಜೋರಾಗಿ ಕೂಗ್ಲಿ, ಧೂಳೇ ಅವನ ಬಾಯಿ ಹೊಲಿಯುತ್ತೆ, ಸೂಳೇಮಗಂದು.”

“ಹೊಲಿದ್ರೆ ಪಾಪ, ಸಿನಿಮಾ ಗತಿ ಏನತ್ತೆ?” ಎಂದಳು ರೇಡಿಯೋ, ಡೈರೆಕ್ಟರನ ಕಟ್ಟಿದ ಗಂಟಲಲ್ಲಿ. ಕರಕರ ಸಮೇತ.

ಅತ್ತೆ ಈ ಸಲ ಆಫ್ ಮಾಡು ಎನ್ನಲಿಲ್ಲ. ಸೊಸೆಯ ಮುಖವನ್ನೇ ನೋಡುತ್ತ ಕೂತಳು.

ಮರುದಿನ ಬೆಳಿಗ್ಗೆ ಡೈರೆಕ್ಟರ್ ಕ್ವಾರಿಯ ಅಂಚಿನಲ್ಲಿ ಕಟ್ಟಿಸಿದ್ದ ಅಟ್ಟಣಿಗೆಯ ಮೇಲೆ ಹತ್ತಿ ನಿಂತ. ಹೆಂಗಸರೂ ಗಂಡಸರೂ ಅಡಗಬೇಕಾದ ಬಂಡೆ ಅದರ ಬುಡದಲ್ಲೇ ಇತ್ತು. ಕ್ಯಾಮೆರಾದವನು ದೂರ, ಹೊಂಡದ ದಡದಲ್ಲಿ. ಅವನ ಪಕ್ಕ ಬಣ್ಣದ ಡ್ರಮ್ಮುಗಳು, ಡ್ರಮ್ಮಿಗೆ ಇಬ್ಬರಂತೆ ಆಳು.

“ಫಿಲ್ಮು ಉಳಿದಿರೋದು ಒಂದೇ ರೋಲು,” ಎಂದು ಡೈರೆಕ್ಟರ್ ಇದ್ದಬದ್ದ ಗಂಟಲನ್ನೆಲ್ಲ ಒಟ್ಟುಮಾಡಿ ಕೂಗಿದ. “ನಾನು ಆಕ್ಷನ್ ಅಂದ್ರೆ ಫ್ಯಾನು. ಬಣ್ಣ ಅಂದ್ರೆ ಬಣ್ಣ. ಕಟ್ ಅನ್ನೋವರೆಗೂ ಆಕಾಶ ಕಳಚಿಬಿದ್ರೂ ಕ್ಯಾಮೆರಾ ನಿಲ್ಲಬಾರ್ದು. ನನ್ನ ಗಂಟಲು ಬಿಟ್ಟು ಬೇರೆ ಯಾವ ನಾಯಿ ಬೊಗಳಿದ್ರೂ ಕೇಳ್ಬೇಡಿ!”

ಕ್ವಾರಿಯ ಗೋಡೆಗಳು ಒಪ್ಪಿದವು: ಕೇಳ್ಬೇಡಿ... ಬೇಡಿ... ಬೇಡಿ.

“ಆಕ್ಷನ್!”

ಆಳೆತ್ತರದ ಫ್ಯಾನುಗಳು ತಿರುಗಿದವು. ಕಲ್ಲುಪುಡಿ ಮೋಡವಾಗಿ ಎದ್ದು, ಗಾಳಿ ಯಾರ ಆಳೂ ಅಲ್ಲವಾದ್ದರಿಂದ ನೇರ ಅಟ್ಟಣಿಗೆಯನ್ನೇ ನುಂಗಿತು. ಮೇಲಿನಿಂದ ಕೆಮ್ಮು ಕೇಳಿತು. ಆಮೇಲೆ ಸೈಕಲ್ ಟ್ಯೂಬಿನ ಗಾಳಿ ಬಿಟ್ಟಂಥ ಸದ್ದು. ಆಮೇಲೆ ಏನೂ ಇಲ್ಲ.

ನೌಕೆಯ ಬಾಗಿಲು ತೆರೆಯಿತು. ಹೀರೋ ಇಳಿದು, ಕೋಟಿ ವರ್ಷದ ನೆಲದ ಮೇಲೆ ಮೊದಲ ಹೆಜ್ಜೆಯಿಟ್ಟು, ನಿಂತ. ಡ್ರಮ್ಮಿನ ಆಳುಗಳು ಮುಚ್ಚಳಕ್ಕೆ ಕೈ ಹಾಕಿ ಕಾದರು.

ರೇಡಿಯೋ ಚಿಂದಿ ಸುತ್ತಿದ ಕೈಗಳನ್ನು ಬಾಯಿಯ ಎರಡು ಮಗ್ಗುಲಿಗೆ ಹಿಡಿದಳು.

“ಬಣ್ಣ ಬೇಡ! ಡ್ರಮ್ ಮುಚ್ರೋ!”

ಡೈರೆಕ್ಟರನ ಕರಕರ, ಮೂಗು, ಸಿಟ್ಟು ಎಲ್ಲ ಅಳತೆಗೆ ತಕ್ಕಂತಿತ್ತು. ಬೇಡ... ಮುಚ್ರೋ... ಎಂದವು ಗೋಡೆಗಳು. ಆಳುಗಳು ಮುಚ್ಚಳದಿಂದ ಕೈ ತೆಗೆದರು.

“ಕ್ಯಾಮೆರಾ ನಿಲ್ಲಬಾರ್ದು! ಜನ ಬರ್ತಾರೆ, ತೆಗೀತಾ ಇರು! ಒಂದು ಕಾಲೂ ಬಿಡ್ಬೇಡ!”

ಅವಳು ಬಂಡೆಯ ಹಿಂದಿನಿಂದ ಎದ್ದು, ಖಾಲಿ ಕ್ಯಾನು ಎತ್ತಿಕೊಂಡಳು. ಪೊರಕೆಯನ್ನು ಅಲ್ಲೇ ಬಿಟ್ಟಳು. ಗುಡಿಸಿದ ನೆಲದ ಮೇಲೆ ಮುಖ ಮುಂದಾಗಿ ನಡೆದು ಎಷ್ಟೋ ದಿನವಾಗಿತ್ತು. ಮೊದಮೊದಲು ಕಾಲೇ ತೊಡರಿತು. ಹಿಂದೆ ಅತ್ತೆ, ಅವಳ ಹಿಂದೆ ಹೆಂಗಸರು, ಅವರ ಹಿಂದೆ ಗಂಡಸರು, ಕಂಕುಳ ಕೂಸುಗಳು, ಕೊನೆಗೆ ಕ್ವಾರಿಯ ಕುಂಟು ನಾಯಿಯೂ.

ಅಟ್ಟಣಿಗೆಯ ಮೇಲೆ ಡೈರೆಕ್ಟರ್ ಎರಡೂ ಕೈ ಬೀಸುತ್ತಿದ್ದ. ಧೂಳಿನಲ್ಲಿ ಅದು, ಭೇಷ್, ಹಾಗೇ ಬನ್ನಿ ಎಂದು ಕರೆದಂತೆ ಕಾಣುತ್ತಿತ್ತು. ಅವನು ಬಾಯಿ ತೆರೆದ, ಮುಚ್ಚಿದ, ತೆರೆದ.

ನಡೆಯುತ್ತಲೇ ರೇಡಿಯೋ ತಲೆ ತಗ್ಗಿಸಿ ಅದೇ ಗಂಟಲಲ್ಲಿ ಕೂಗಿದಳು: “ಹೀರೋ! ಏನು ಬಾಯಿ ಬಿಟ್ಕೊಂಡು ನಿಂತಿದ್ದೀಯ? ಡೈಲಾಗ್ ಹೇಳೋ!”

ಮಂಜಾದ ಗಾಜಿನೊಳಗಿಂದ ಹೀರೋ ಗಡಬಡಿಸಿ ಎದೆಯುಬ್ಬಿಸಿದ. “ಈ... ಈ ಲೋಕದಲ್ಲಿ ಯಾರೂ ಇಲ್ಲ!”

ಅಷ್ಟರಲ್ಲಿ ಅತ್ತೆ ಅವನ ಮುಂದೆಯೇ ಇದ್ದಳು. ಮೊಣಕೈಯಿಂದ ತಿವಿದಳು. “ಇಲ್ದೋರು ನೀರಿಗೆ ಹೊಂಟಿದೀವಿ. ಸರಿಯೋ ಪಕ್ಕಕ್ಕೆ, ಬಾಟ್ಲಿ ತಲೆಯೋನೆ.”

ಹೀರೋ ಸರಿದ.

ರೋಲು ಮುಗಿದು ಕ್ಯಾಮೆರಾ ಪಟಪಟ ಹೊಡೆದುಕೊಳ್ಳತೊಡಗಿತು. ಫ್ಯಾನು ನಿಂತವು. ಧೂಳು ಇಳಿದಂತೆ ಕ್ವಾರಿಯ ಉದ್ದಗಲಕ್ಕೂ ಕಾಲುಗಳು ಮೂಡಿದ್ದವು. ಅಗಲ ಕಾಲು, ಬಿರುಕು ಕಾಲು, ಅಂಗೈಯಷ್ಟು ಕಾಲು, ನಾಯಿಯ ಮೂರು ಕಾಲು.

ದಿನ್ನೆಯ ಮೇಲೆ ಧಣಿಯ ಜೀಪು ಕೆಮ್ಮಿತು. ಅದರ ಹಿಂದೆ ಇನ್ನೊಂದು. ಎರಡರಲ್ಲೂ ಜನ ತುಂಬಿದ್ದರು, ದೊಣ್ಣೆಗಳೂ ಕಾಣುತ್ತಿದ್ದವು. “ಗುಡಿಸ್ರೇ!” ಎಂದು ಮೇಸ್ತ್ರಿ ಒದರುತ್ತಿದ್ದ. ಬಂಡೆಯ ಹಿಂದೆ ಪೊರಕೆಗಳು ಒಂದರ ಮೇಲೊಂದು ಬಿದ್ದಿದ್ದವು.

ಹೆಂಗಸರು ಡ್ರಮ್ಮುಗಳ ಮುಚ್ಚಳದ ಮೇಲೆ ಹತ್ತಿ ಕೂತರು. ಅತ್ತೆ ಹೊಂಡದಲ್ಲಿ ಮಂಡಿಯವರೆಗೆ ಇಳಿದು, ಬೊಗಸೆ ತುಂಬ ಕುಡಿದು, ಬಾಯಿ ಒರೆಸಿಕೊಂಡು, ಇಳಿದುಬರುತ್ತಿದ್ದ ಜೀಪುಗಳ ಕಡೆ ನೋಡಿದಳು.

“ರೇಡಿಯೋ ಜೋರು ಮಾಡೇ,” ಎಂದಳು.